ಕೆಂಪಗಿದ್ದದ್ದೆಲ್ಲ

ಆಸ್ಪತ್ರೆಯಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಅದೇ ಆಸ್ಪತ್ರೆಯ ವೆಬ್‌ಸೈಟ್ ನೋಡಿಕೊಳ್ಳುವ ಇಬ್ಬರು ಕೂತಿದ್ದರು. ಮೊದಲು ಕಿವಿಗೆ ಬಿದ್ದದ್ದು ಹೆಂಗಸಿನ ದನಿ.

"ಭಾವ, ನಾನು ಹೇಳಿದ್ದೇನು? ಔಷಧಿ ಚೀಟಿ ಪ್ರಿಂಟ್ ಮಾಡುವಾಗ ಪುಟದ ಜಾಹೀರಾತು ಮಾತ್ರ ಬರಬಾರದು ಅಂತ."

"ಜಾಹೀರಾತೆಲ್ಲ ಕೆಂಪಗಿತ್ತಲ್ಲಮ್ಮ. ಪ್ರಿಂಟಲ್ಲಿ ಕೆಂಪಗಿರೋದನ್ನೆಲ್ಲ ಮರೆಮಾಡು ಅಂತ ಕೋಡ್‌ನಲ್ಲಿ ಒಂದೇ ಸಾಲು ಬರೆದೆ."

"ಆಹಾ, ಏನು ಬುದ್ಧಿ! 'ಈ ಔಷಧಿ ಇವರಿಗೆ ಒಗ್ಗಲ್ಲ' ಅನ್ನೋ ಎಚ್ಚರಿಕೆನೂ ಕೆಂಪಗೇ ಇತ್ತು. ಅದೂ ಮಾಯ."

"ಪರದೆ ಮೇಲೆ ಕಾಣ್ತಿತ್ತಲ್ಲ..."

"ಔಷಧಿ ಅಂಗಡಿಯವನು ನಿಮ್ಮ ಪರದೆ ನೋಡ್ತಾನಾ? ಅವನ ಕೈಗೆ ಬರೋದು ಚೀಟಿ. ನರ್ಸ್ ಗಮನಿಸದೇ ಇದ್ದಿದ್ರೆ ನಿನ್ನೆ ಆ ಚೀಟಿ ತಗೊಂಡು ಹೊರಟಿದ್ದ ಅಜ್ಜನ ಗತಿ ಏನಾಗ್ತಿತ್ತು?"

"ಈಗ 'ಎಚ್ಚರಿಕೆ ಒಂದನ್ನ ಬಿಟ್ಟು' ಅಂತ ಸೇರಿಸಿದ್ದೀನಿ."

"ನಾಳೆ ಇನ್ನೇನೋ ಕೆಂಪಗಿರುತ್ತೆ, ಅದು ಹೋಗುತ್ತೆ. ಕೋಡ್‌ನಲ್ಲಿ ಜಾಹೀರಾತಿಗೆ ಅದರದೇ ಹೆಸರಿದೆಯಲ್ಲ, ಅದನ್ನ ಹಿಡಿದು ತೆಗೆಯೋಕೆ ಏನು ಕಷ್ಟ? ನಮ್ಮಕ್ಕನ ಕೊಡೆ ಕೆಂಪು ಅಂತ, ಕೆಂಪು ಕೊಡೆ ಹಿಡಿದೋರನ್ನೆಲ್ಲ ನಿಮ್ಮ ಹೆಂಡತಿ ಅಂದ್ಕೊಂಡು ಮನೆಗೆ ಕರ್ಕೊಂಡು ಬರ್ತೀರಾ?"

ಅವನು ದನಿ ತಗ್ಗಿಸಿದ.

"ಡಾಕ್ಟರಿಗೆ ನನ್ನ ಹೆಸರು ಹೇಳ್ತೀಯಾ? ಹೇಳಿದ್ರೆ ಈ ಕೆಲಸಾನೂ ಹೋಗುತ್ತೆ."

"ಒಳಗೆ ಬಾಯಿ ಮುಚ್ಕೊಂಡು ನಿಂತಿರಿ. ನಾನೇ ಮಾಡಿದ್ದು ಅಂತೀನಿ. ನೀವು ಬಾಯಿಬಿಟ್ರೆ ಅದನ್ನೂ ಕೆಡಿಸ್ತೀರಿ."

ಡಾಕ್ಟರ ಕೋಣೆಯಿಂದ ಅವರಿಗೆ ಕರೆ ಬಂತು. ಇಬ್ಬರೂ ಎದ್ದರು.

"ಕಾಲರ್ ಒಳಗೆ ಮಡಚಿಕೊಂಡಿದೆ. ಅದೂ ಕಾಣಲ್ವಾ ನಿಮಗೆ?"

ಕಾಲರನ್ನು ತಾನೇ ಸರಿಮಾಡಿ, ಅವನನ್ನು ತನ್ನ ಬೆನ್ನ ಹಿಂದಿಟ್ಟುಕೊಂಡು, ಅವಳು ಮೊದಲು ಒಳಗೆ ಹೋದಳು.