ಒಂದೇ ಪಥದ ಸೇತುವೆಯ ಅಪಘಾತ: ನನ್ನ ಮೊದಲ ಹೇಳಿಕೆಯ ತಿದ್ದುಪಡಿ

ಹೆಸರು ವಾಸುದೇವ್ ಕುಲಕರ್ಣಿ, ವಯಸ್ಸು 47 ವರ್ಷ, ಉದ್ಯೋಗ ಸಿವಿಲ್ ಎಂಜಿನಿಯರ್, ವಾಸ ಹಿಲ್ಸ್‌ಬರೋ, ಆಕ್ಲೆಂಡ್. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಂಗಿ ಯಾಮಿನಿ, 39 ವರ್ಷ, ಧಾರವಾಡದಲ್ಲಿ ಉಪನ್ಯಾಸಕಿ. ರಜೆಗೆ ಬಂದವಳು ತನ್ನ ಹೆಸರಿನಲ್ಲಿ ಕಾರು ಬಾಡಿಗೆಗೆ ಪಡೆದಿದ್ದಳು. ದಿನಾಂಕ 12-01-2025ರ ಭಾನುವಾರ ಬೆಳಿಗ್ಗೆ ಹೊರಡುವ ಮುನ್ನ ನಾನು ಅವಳಿಗೆ ಅರ್ಧ ಗಂಟೆ ಇಲ್ಲಿನ ನಿಯಮ ಹೇಳಿಕೊಟ್ಟೆ. ವೃತ್ತದಲ್ಲಿ ಬಲಗಡೆಯವರಿಗೆ ದಾರಿ ಬಿಡಬೇಕು, ಸುಮ್ಮನೆ ಹಾರ್ನ್ ಹೊಡೆಯಬಾರದು, ಒಂದೇ ಪಥದ ಸೇತುವೆಯ ಫಲಕದಲ್ಲಿ ಸಣ್ಣ ಕೆಂಪು ಬಾಣ ನಮ್ಮದಾದರೆ ಎದುರಿನವರಿಗೆ ದಾರಿ ಬಿಡಬೇಕು ಎಂದೆ. ಅವಳು ಎಲ್ಲವನ್ನೂ ಬರೆದುಕೊಂಡಳು.

ಸುಮಾರು 10.40ಕ್ಕೆ ಪಾಪಕುರಾದಿಂದ 18 ಕಿ.ಮೀ. ಆಚೆ ಅಂಥದ್ದೊಂದು ಸೇತುವೆ ಬಂತು. ಅದರ ಆಚೆ ರಸ್ತೆ ತಿರುಗಿದ್ದರಿಂದ ಎದುರಿನಿಂದ ಯಾರು ಬರುತ್ತಾರೆಂದು ಕಾಣುತ್ತಿರಲಿಲ್ಲ. ಯಾಮಿನಿ ಕಾರು ನಿಲ್ಲಿಸಿದಳು. ಹಿಂದೆ ಎರಡು ಕಾರುಗಳು ಬಂದು ನಿಂತವು. ನನಗೆ ಮುಜುಗರವಾಯಿತು. ಹೋಗು ಎಂದೆ.

"ಅಣ್ಣಾ, ಕೆಂಪು ಬಾಣ ನಮ್ಮ ಕಡೀಗದ. ನಿಲ್ಲಬೇಕಂತ ನೀನ ಹೇಳಿದ್ಯಲ್ಲ?" ಎಂದಳು.

"ಹನ್ನೊಂದು ವರ್ಷ ಆತು ನಾ ಇಲ್ಲಿಗೆ ಬಂದು. ನನಗ ಕಲಿಸಬ್ಯಾಡ, ನಡಿ," ಎಂದು ಗದರಿದೆ.

ಅವಳು ಹೊರಟಳು. ಸೇತುವೆಯ ಅರ್ಧಕ್ಕೆ ಬಂದಾಗ ಎದುರಿನ ತಿರುವಿನಿಂದ ಯೂಟ್ ಎಂಬ ಸಣ್ಣ ಸರಕು ವಾಹನವೊಂದು ಬಂತು. ನಮ್ಮನ್ನು ತಪ್ಪಿಸಲು ಹೋಗಿ ಅದು ಚರಂಡಿಗೆ ಉರುಳಿತು. ಅದನ್ನು ಓಡಿಸುತ್ತಿದ್ದ ವೃದ್ಧ ರೈತರ ಭುಜದ ಮೂಳೆ ಮುರಿಯಿತು.

11.05ಕ್ಕೆ ಬಂದ ಅಧಿಕಾರಿಗೆ ನಾನು, ಇವಳು ಈ ದೇಶಕ್ಕೆ ಹೊಸಬಳು, ನಿಲ್ಲಿಸು ಎಂದರೂ ಕೇಳಲಿಲ್ಲ ಎಂದು ಹೇಳಿದೆ. ಯಾಮಿನಿ ನನ್ನಿಂದ ಎರಡು ಅಡಿ ದೂರದಲ್ಲಿ ನಿಂತಿದ್ದಳು. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ನಿಜವೇ ಎಂದು ಅಧಿಕಾರಿ ಕೇಳಿದಾಗ ಅವಳು ನನ್ನ ಮುಖ ನೋಡಿ, ಹೌದು, ತಪ್ಪು ನನ್ನದೇ ಎಂದಳು.

ನಿನ್ನೆ ಮಧ್ಯಾಹ್ನ ಅವಳು ಆಸ್ಪತ್ರೆಗೆ ಹೋಗಿ ಆ ರೈತರ ಕ್ಷಮೆ ಕೇಳಿದಳು. ಕರೆದುಕೊಂಡು ಹೋದವನು ನಾನೇ. ನಲವತ್ತು ನಿಮಿಷ ಪಾರ್ಕಿಂಗ್‌ನಲ್ಲಿ ಕುಳಿತಿದ್ದೆ, ಕಾರಿನಿಂದ ಇಳಿಯಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನನ್ನ ಮಗಳು ಮಾನ್ಯ ಅಪಘಾತ ಹೇಗಾಯಿತೆಂದು ಕೇಳಿದಳು. ನಿಮ್ಮಪ್ಪ ಬೇಡ ಅಂದರೂ ನಾನೇ ಹೋದೆ ಎಂದು ಯಾಮಿನಿ ಹೇಳಿದಳು. ನಾನು ತಲೆ ಎತ್ತದೆ ಊಟ ಮುಗಿಸಿದೆ.

ನಿಲ್ಲಿಸು ಎಂಬ ಮಾತನ್ನು ನಾನು ಆಡಿಲ್ಲ. ನಿಲ್ಲಿಸಿದವಳನ್ನು ಗದರಿ ಕಳಿಸಿದವನು ನಾನು. ನಾನು ಇಲ್ಲಿಗೆ ಬಂದಿರುವುದು ಅವಳಿಗೆ ಗೊತ್ತಿಲ್ಲ.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಿದ್ದಾರೆ. ಇದು ನಡೆದದ್ದು ನಡೆದ ಹಾಗೆಯೇ ಇದೆ. ನನ್ನ ಮೊದಲ ಹೇಳಿಕೆ ಸುಳ್ಳು.

ಸ್ಥಳ: ಆಕ್ಲೆಂಡ್
ದಿನಾಂಕ: 14-01-2025
ಸಹಿ: ವಾಸುದೇವ್ ಕುಲಕರ್ಣಿ