ಬಲಗಡೆಯ ನಾಲ್ಕು ಸ್ಕ್ರೂ

ಹೆಸರು: ಆಂಜಿನಮ್ಮ, ಲೇಟ್ ಚೆನ್ನರಾಯಪ್ಪನವರ ಪತ್ನಿ
ವಯಸ್ಸು: 68 ವರ್ಷ
ಕಸುಬು: ಬೇಸಾಯ, ರೇಷ್ಮೆ ಹುಳು ಸಾಕಣೆ
ವಾಸ: ನಗರಗೆರೆ, ಗೌರಿಬಿದನೂರು ತಾಲ್ಲೂಕು

ಯಾರೂ ಕರೆಯದೆ, ನಾನಾಗಿಯೇ ಈ ದಿನ ಬೆಳಿಗ್ಗೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಬೀರು ಮೈಮೇಲೆ ಬಿದ್ದು ಗಾಯಗೊಂಡಿರುವ ಪದ್ಮಶ್ರೀ ನನ್ನ ತಮ್ಮನ ಮಗಳು. ಆಕೆಯ ಗಂಡ ಹರಿಕೃಷ್ಣ ಬೇಕೆಂದೇ ಸ್ಕ್ರೂ ಬಿಚ್ಚಿಟ್ಟು ಬೀರು ಬೀಳುವ ಹಾಗೆ ಮಾಡಿದನೆಂದು ದೂರು ಕೊಟ್ಟಿರುವ ಮುರಳಿಮೋಹನ್ ಆಕೆಯ ಸ್ವಂತ ಅಣ್ಣ. ನನ್ನ ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿ ವೆಂಕಟರತ್ನಮ್ಮ ಈ ಎರಡು ಮಕ್ಕಳನ್ನು ಕರೆದುಕೊಂಡು ಕೆಲವು ವರ್ಷ ನಗರಗೆರೆಯಲ್ಲಿ ನಮ್ಮ ಜೊತೆಗೇ ಇದ್ದು, ಆಮೇಲೆ ಚಿಂತಾಮಣಿಗೆ ಹೋದಳು. ಆದುದರಿಂದ ಎರಡೂ ನನ್ನ ಕೈತುತ್ತು ತಿಂದ ಮಕ್ಕಳು. ಯಾರ ಕಡೆಯ ಸಾಕ್ಷಿ ಎಂದು ಇನ್ಸ್‌ಪೆಕ್ಟರ್ ಮೇಡಂ ಕೇಳಿದ್ದಕ್ಕೆ, ಪದ್ಮಶ್ರೀ ಹೊಟ್ಟೆಯಲ್ಲಿರುವ ಕೂಸಿನ ಕಡೆ ಎಂದು ಬರೆದುಕೊಳ್ಳಿ ಎಂದೆನು.

ಪದ್ಮಶ್ರೀಗೆ ಈಗ ಏಳು ತಿಂಗಳು. ಅವಳಿಗೆ ಒತ್ತಾಸೆಗೆಂದು ನಾನು ಕಳೆದ ತಿಂಗಳು ಒಂದು ಮೂಟೆ ರಾಗಿ ಕಟ್ಟಿಕೊಂಡು ಗೌರಿಬಿದನೂರಿನಲ್ಲಿರುವ ಹರಿಕೃಷ್ಣನ ಮನೆಗೆ ಬಂದೆನು. ಮೂಟೆ ಕಟ್ಟಿದ್ದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟುವ ಹಳದಿ ನೈಲಾನ್ ಹಗ್ಗದಿಂದ. ತೋಟದಲ್ಲಿ ಬೇರೆಯವರ ಹಗ್ಗದ ಜೊತೆ ಬೆರೆಯಬಾರದೆಂದು ಅದರ ತುದಿಗೆ ಕೆಂಪು ಬಟ್ಟೆಯ ಚೂರು ಹೊಲಿದಿರುತ್ತೇನೆ. ಈ ಮಾತು ಮುಂದೆ ಬೇಕಾಗುವುದರಿಂದ ಇಲ್ಲೇ ಹೇಳಿದ್ದೇನೆ.

ಸದರಿ ಬೀರು ಮದುವೆಯಲ್ಲಿ ಮುರಳಿಮೋಹನ್ ತಂಗಿಗೆ ಕೊಟ್ಟದ್ದು. ಹಲಗೆ ಹಲಗೆಯಾಗಿ ರಟ್ಟಿನ ಡಬ್ಬದಲ್ಲಿ ಬಂದು, ಮನೆಯಲ್ಲೇ ಸ್ಕ್ರೂ ಹಾಕಿ ಜೋಡಿಸಿಕೊಳ್ಳುವ ತರಹದ್ದು. ಮರವಲ್ಲ, ಮರದ ಹೊಟ್ಟಿಗೆ ಅಂಟು ಹಾಕಿ ಒತ್ತಿದ ಹಲಗೆ. ಅದನ್ನು ಮುರಳಿಮೋಹನನೇ ಕೂತು ಜೋಡಿಸಿದ್ದನು. ಬಾಗಿಲು ತೆರೆದರೆ ಇಡೀ ಬೀರು ಬಲಕ್ಕೆ ವಾಲುತ್ತಿತ್ತು. ಒಮ್ಮೆ ಹಬ್ಬದ ಊಟಕ್ಕೆ ಎಲ್ಲರೂ ಕೂತಿದ್ದಾಗ ಹರಿಕೃಷ್ಣನು, "ನಿಮ್ಮಣ್ಣ ಕೊಟ್ಟ ಬೀರು ಕತ್ತು ನಿಲ್ಲದ ಕೂಸು ಕಣೇ, ಒಂದು ಕೈ ಹಿಡ್ಕೊಂಡೇ ಇರ್ಬೇಕು" ಎಂದು ಹೆಂಡತಿಗೆ ತಮಾಷೆ ಮಾಡಿದನು. ಎಲ್ಲರೂ ನಕ್ಕರು, ಮುರಳಿಮೋಹನ್ ನಗಲಿಲ್ಲ. ಪಾಯಸ ಬಡಿಸಲು ಹೋದರೆ ಎಲೆಗೆ ಕೈ ಅಡ್ಡ ಹಿಡಿದನು. ಇವರಿಬ್ಬರ ನಡುವೆ ಇದ್ದ ಜಗಳವೆಂದರೆ ಇಷ್ಟೇ. ಬೇರೆ ಕಿರುಕುಳವನ್ನು ನಾನು ಕಂಡಿಲ್ಲ, ಕೇಳಿಲ್ಲ.

ದಿನಾಂಕ 09-06-2024 ಭಾನುವಾರ ಹರಿಕೃಷ್ಣನು ಅಂಗಡಿಯಿಂದ ಉದ್ದವೂ ದಪ್ಪವೂ ಆದ ಸ್ಕ್ರೂಗಳನ್ನು ಮತ್ತು ಬೀರುವನ್ನು ಗೋಡೆಗೆ ಹಿಡಿಸುವ ಎರಡು ಕಬ್ಬಿಣದ ಪಟ್ಟಿಗಳನ್ನು ತಂದನು. ಕೂಸು ಹುಟ್ಟಿ ಓಡಾಡುವ ಕಾಲಕ್ಕೆ ಬೀರು ಬಂಡೆಯಂತೆ ನಿಂತಿರಬೇಕು ಎಂದು ನನಗೆ ಹೇಳಿದನು. ಹಳೆಯ ಸ್ಕ್ರೂ ಒಂದೊಂದಾಗಿ ತೆಗೆದು ಅದೇ ಜಾಗಕ್ಕೆ ಹೊಸದು ಹಾಕುತ್ತಾ ಎಡಗಡೆ, ಕೆಳಗಡೆ ಮತ್ತು ಹಿಂದಿನ ಹಲಗೆ ಮುಗಿಸಿದನು. ತೆಗೆದ ಹಳೆಯವನ್ನು ಡಬ್ಬಿಯಲ್ಲಿ ಹಾಕುತ್ತಿದ್ದವಳು ನಾನೇ. ನೀವು ಜಪ್ತಿ ಮಾಡಿರುವ ಡಬ್ಬಿ ಅದೇ. ಬಲಗಡೆ ಮೇಲಿನ ನಾಲ್ಕು ಸ್ಕ್ರೂ ತೆಗೆದಾಗ ತೂತಿನಿಂದ ಹಿಟ್ಟಿನಂತೆ ಪುಡಿ ಉದುರಿತು. ಹೊಸ ಸ್ಕ್ರೂ ಹಾಕಿದರೂ ಗಿರಗಿರ ತಿರುಗುತ್ತಿತ್ತೇ ಹೊರತು ಹಿಡಿಯಲಿಲ್ಲ. ಅಲ್ಲಿ ಪಕ್ಕದಲ್ಲೇ ಹೊಸ ತೂತು ಕೊರೆಯಬೇಕೆಂದು ಹೇಳಿ, ಮೊದಲು ಗೋಡೆಗೆ ಪಟ್ಟಿ ಹಾಕೋಣ ಎಂದು ಡ್ರಿಲ್ ಮಿಷನ್ ಚಾಲೂ ಮಾಡಿದನು.

ಆಗ ಪದ್ಮಶ್ರೀ ಹೊರಗಿನ ಕೋಣೆಯಲ್ಲಿ ತಾಯಿಯೊಡನೆ ಫೋನಿನಲ್ಲಿ ಮಾತನಾಡುತ್ತಿದ್ದಳು. ವೆಂಕಟರತ್ನಮ್ಮನಿಗೆ ಆ ಸದ್ದು ಕೇಳಿಸಿತು. ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆಯಬಾರದು, ಗೋಡೆ ಕೊರೆಯಬಾರದು ಎಂಬುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಆಕೆ ಫೋನನ್ನು ಅಳಿಯನಿಗೆ ಕೊಡಲು ಹೇಳಿ, "ಏನ್ ಅಳಿಯಂದ್ರೇ, ಓದಿದವರು ನೀವು. ಏಳು ತಿಂಗಳ ಬಸುರಿ ಎದುರಿಗೆ ಗೋಡೆ ಕೊರೀತೀರಲ್ಲ, ಮಗೂಗೆ ಏನಾದ್ರೂ ಊನ ಆದ್ರೆ ನೀವು ಕಟ್ಕೊಡ್ತೀರಾ?" ಎಂದು ಅಳುವ ದನಿಯಲ್ಲಿ ಕೇಳಿದಳು. ಹಲಗೆಯನ್ನಾದರೂ ಕೊರೆಯುತ್ತೇನೆ ಎಂದು ಇವನು ಕೇಳಿಕೊಂಡರೂ ಒಪ್ಪಲಿಲ್ಲ. ಅಷ್ಟರಲ್ಲಿ ಮುರಳಿಮೋಹನ್ ಫೋನು ತೆಗೆದುಕೊಂಡು, "ಹರೀ, ಹೆರಿಗೆ ಆಗೋವರ್ಗೂ ಆ ಬೀರೂಗೆ ಕೈ ಹಚ್ಚಿದ್ರೆ ನೋಡು. ನಿನ್ನ ಕೊರೆತ ಎಲ್ಲಾ ಆಮೇಲಿಟ್ಕೊ" ಎಂದು ಜೋರಾಗಿ ಹೇಳಿದ್ದನ್ನು ನಾನು ಮೂರು ಅಡಿ ದೂರದಲ್ಲಿ ನಿಂತು ಕೇಳಿದ್ದೇನೆ. ಹರಿಕೃಷ್ಣನು ನನ್ನ ಮುಖ ನೋಡಿದನು. ನಾನೂ ಬೇಡವೆಂದು ತಲೆ ಆಡಿಸಿದೆನು. ಅವನು ಮಿಷನ್ನಿನ ಪ್ಲಗ್ ಕಿತ್ತನು.

ಹೀಗೆ ಬಲಗಡೆ ನಾಲ್ಕು ಸ್ಕ್ರೂ ಇಲ್ಲದೆ ಉಳಿಯಿತು. ಬೀರು ಮುಂದಕ್ಕೆ ಬರಬಾರದೆಂದು ಹರಿಕೃಷ್ಣನು ನನ್ನ ಹಳದಿ ಹಗ್ಗ ಕೇಳಿ ಪಡೆದು, ಬೀರುವಿಗೆ ಬಾಗಿಲಿನ ಮೇಲಾಗಿ ಎರಡು ಸುತ್ತು ಸುತ್ತಿ ಕಿಟಕಿಯ ಕಂಬಿಗೆ ಬಿಗಿದನು. ಗಂಟು ನಾನು ಹಾಕಿದೆನು. ದಿನ ಬಳಸುವ ಬಟ್ಟೆಗಳನ್ನು ಹೊರಗೆ ತೆಗೆದಿಟ್ಟು, "ಹಗ್ಗ ಇರೋವರ್ಗೂ ಬಾಗಿಲು ತೆಗೀಬೇಡ ಕಣೇ ಪದ್ಮಾ. ಎಲ್ಲಾ ಸರಿ ಮಾಡಿ ನಾನೇ ಬಿಚ್ತೀನಿ" ಎಂದು ಹೆಂಡತಿಗೆ ಹೇಳಿದನು. ಅವಳೂ ನಾಲ್ಕು ದಿನ ಅದರ ಹತ್ತಿರ ಹೋಗಲಿಲ್ಲ. ಚಿಂತಾಮಣಿಯಲ್ಲಿ ನಾಳೆ ನಡೆಯಬೇಕಿದ್ದ ಸೀಮಂತಕ್ಕೆ ಉಡುವ ಹಸಿರು ರೇಷ್ಮೆ ಸೀರೆ ಮಾತ್ರ ಬೀರುವಿನ ಮೇಲಿನ ಅರೆಯಲ್ಲೇ ಉಳಿದಿತ್ತು.

13-06-2024 ಗುರುವಾರ ಸಾಯಂಕಾಲ ಗಂಡ ಹೆಂಡತಿ ಸ್ಕ್ಯಾನಿಂಗಿಗೆ ಹೋಗಿದ್ದರು. ಸೀಮಂತದ ಅಡಿಗೆಗೆ ಬೇಕೆಂದು ಕೊಳಗ, ಹಂಡೆಗಳನ್ನು ಒಯ್ಯಲು ಮುರಳಿಮೋಹನ್ ತನ್ನ ಲಗೇಜ್ ಗಾಡಿಯಲ್ಲಿ ಬಂದನು. ನಾನು ಹಿತ್ತಲಲ್ಲಿ ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆನು. ಒಳಗಿನಿಂದ ಅವನು "ಅತ್ತೇ, ಹಗ್ಗ ತಗೊಂಡೆ" ಎಂದು ಕೂಗಿದನು. ಬಟ್ಟೆ ಒಣಗಿಹಾಕುವ ಹಗ್ಗವೆಂದು ತಿಳಿದು ನಾನು "ಹ್ಞೂಂ, ತಗೊಳ್ಳಪ್ಪ" ಎಂದೆನು. ಈ "ಹ್ಞೂಂ" ಎಂಬುದನ್ನೂ ಬಿಡದೆ ಬರೆದುಕೊಳ್ಳಬೇಕು. ಅವನು ಹೊರಟುಹೋದನು. ಹರಿಕೃಷ್ಣನು ಪದ್ಮಶ್ರೀಯನ್ನು ಬಾಗಿಲಲ್ಲಿ ಇಳಿಸಿ, ಒಳಗೆ ಬಾರದೆ ಹಾಗೆಯೇ ಕಾರ್ಖಾನೆಯ ರಾತ್ರಿ ಪಾಳಿಗೆ ಹೋದನು. ನಾನು ಆ ದಿನ ಕೋಣೆಗೆ ಹೋಗಲಿಲ್ಲ.

14-06-2024 ಶುಕ್ರವಾರ ಬೆಳಿಗ್ಗೆ ಸುಮಾರು ಏಳೂವರೆಗೆ ಹರಿಕೃಷ್ಣನು ಪಾಳಿ ಮುಗಿಸಿ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದನು. ನೀರು ಹಾಕುತ್ತಿದ್ದವಳು ನಾನು. ಆಗ ಒಳಗೆ ಹಲಗೆ ಸೀಳಿದ ಸದ್ದು, ಹಿಂದೆಯೇ ದೊಪ್ಪನೆ ಬಿದ್ದ ಸದ್ದು ಕೇಳಿತು. ಕೂಗು ಕೇಳಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಇಬ್ಬರೂ ಓಡಿದೆವು. ಬೀರು ಬೋರಲಾಗಿ ಬಿದ್ದು ಅದರ ಮೇಲಂಚು ಮಂಚಕ್ಕೆ ತಗುಲಿ ನಿಂತಿತ್ತು. ಸಂದಿಯಲ್ಲಿ ಪದ್ಮಶ್ರೀ ಮಗ್ಗುಲಾಗಿ ಬಿದ್ದಿದ್ದಳು. ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದು ಬೀರುವಿನ ಕೆಳಗಿತ್ತು. ಹಣೆಯಿಂದ ರಕ್ತ ಬರುತ್ತಿತ್ತು. ಹರಿಕೃಷ್ಣನು ಒದ್ದೆ ಕಾಲಿನಲ್ಲಿ ಜಾರುತ್ತಾ ಬೀರುವನ್ನು ಹೆಗಲಿನಿಂದ ಎತ್ತಿ ಹಿಡಿದು, "ಎಳಕೊಳ್ಳಿ ಅಮ್ಮಾ, ಎಳಕೊಳ್ಳಿ, ನನ್ನ ಕೈಲಿ ತಡಿಯಾಕಾಗ್ತಿಲ್ಲ" ಎಂದು ಕೂಗಿದನು. ನಾನು ಅವಳ ಕಂಕುಳಿಗೆ ಕೈ ಕೊಟ್ಟು ಎಳೆದೆನು. ಸದ್ದು ಕೇಳಿ ಬಂದ ಪಕ್ಕದ ಮನೆಯ ಗಂಗುಲಮ್ಮ, ಅವನು ಬೀರು ಹಿಡಿದು ನಿಂತಿದ್ದನ್ನು ಕಂಡದ್ದು ನಿಜ. ಅವನು ಎತ್ತುತ್ತಿದ್ದದ್ದು, ಕೆಡವುತ್ತಿದ್ದದ್ದಲ್ಲ. ಬೀರು ಬಿದ್ದಾಗ ಅವನ ಕಾಲಿಗೆ ನೀರು ಹಾಕುತ್ತಿದ್ದ ಚೊಂಬು ನನ್ನ ಕೈಯಲ್ಲಿತ್ತು.

ಆಂಬುಲೆನ್ಸಿನಲ್ಲಿ ಪದ್ಮಶ್ರೀ ನನ್ನ ಸೆರಗು ಹಿಡಿದು, "ಹಗ್ಗ ಇರ್ಲಿಲ್ಲ ಅತ್ತೆ. ಇವ್ರು ಎಲ್ಲಾ ಸರಿ ಮಾಡಿ ಬಿಚ್ಚವ್ರೆ ಅನ್ಕೊಂಡೆ. ಸೀರೆ ತಗೊಳ್ಳೋಕೆ ಹೋದೆ" ಎಂದಳು. ಆಮೇಲೆ ಮಾತನಾಡಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಕೈಗೆ ಆಪರೇಷನ್ ಆಗಿದೆ. ಕೂಸಿನ ಎದೆಬಡಿತ ಕೇಳಿಸುತ್ತಿದೆ, ಆದರೂ ಎರಡು ದಿನ ಏನೂ ಹೇಳಲಾಗದು, ಆಕೆಯನ್ನು ಯಾರೂ ಮಾತನಾಡಿಸಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಹೀಗಾಗಿ ಗಂಡನ ಪರವಾಗಿ ಹೇಳಬೇಕಾದವಳಿಗೆ ಬಾಯಿಲ್ಲ. ಮುರಳಿಮೋಹನ್ ಆಸ್ಪತ್ರೆಗೆ ಬಂದವನೇ ಹರಿಕೃಷ್ಣನ ಅಂಗಿಯ ಕುತ್ತಿಗೆ ಹಿಡಿದು, "ಕೂಸಿನ ಕತ್ತು ಅಂದ್ಯಲ್ಲೋ, ಈಗ ನಿಂತ್ಕೊಂತೇನೋ?" ಎಂದು ಕೇಳಿದನು. ನಿನ್ನೆ ಸಾಯಂಕಾಲದಿಂದ ಹರಿಕೃಷ್ಣನು ಈ ಠಾಣೆಯಲ್ಲಿದ್ದಾನೆ. ಹಗ್ಗ ಕಟ್ಟಿದ್ದೆನೆಂದು ಅವನು ಹೇಳಿದ್ದಕ್ಕೆ, ಅದನ್ನೂ ಅವನೇ ಬಿಚ್ಚಿ ಬಚ್ಚಿಟ್ಟಿದ್ದಾನೆಂದು ಠಾಣೆಯವರು ಬರೆದುಕೊಂಡಿದ್ದಾರೆಂದು ಕೇಳಿ, ನಾನು ನಿನ್ನೆ ರಾತ್ರಿ ಇಡೀ ಮನೆ ಹುಡುಕಿದೆನು. ಸಿಗಲಿಲ್ಲ.

ಈ ದಿನ ಬೆಳಿಗ್ಗೆ ನಾನು ಠಾಣೆಯ ಒಳಗೆ ಬರುವಾಗ ಮುರಳಿಮೋಹನನ ಲಗೇಜ್ ಗಾಡಿ ಬೇವಿನ ಮರದ ಕೆಳಗೆ ನಿಂತಿತ್ತು. ಸೀಮಂತ ನಿಂತುಹೋದದ್ದರಿಂದ ಪಾತ್ರೆಗಳನ್ನು ಯಾರೂ ಇಳಿಸಿಲ್ಲ. ನಾನು ಉಜ್ಜಿದ ಹಂಡೆ ಫಳಫಳ ಹೊಳೆಯುತ್ತಿತ್ತು. ಅದನ್ನು ಕಟ್ಟಿದ ಹಗ್ಗ ಹಳದಿ. ತುದಿಯಲ್ಲಿ ಕೆಂಪು ಬಟ್ಟೆಯ ಚೂರು. ನಾನು ಅದನ್ನು ಮುಟ್ಟಲಿಲ್ಲ. ಮುರಳಿಮೋಹನ್ ಗಾಡಿಯಲ್ಲಿ ಕೂತು ಟೀ ಕುಡಿಯುತ್ತಿದ್ದನು. "ಬಾ ಅತ್ತೆ, ಟೀ ಕುಡಿ" ಎಂದು ಕರೆದನು. ಬೇಡವೆಂದು ಒಳಗೆ ಬಂದೆನು.

ಇಲ್ಲಿಯವರೆಗೆ ಹೇಳಿದ ಮೇಲೆ ಮೇಡಂ ಅವನನ್ನು ಒಳಗೆ ಕರೆಸಿ, ಹಂಡೆ ಕಟ್ಟಿದ ಹಗ್ಗ ಎಲ್ಲಿಯದೆಂದು ನನ್ನ ಎದುರಿಗೇ ಕೇಳಿದರು. ಅವನು ಸ್ವಲ್ಪವೂ ತಡೆಯದೆ, "ಆ ಬೀರು ಮೇಲಿದ್ದಿದ್ದೇ ಸಾರ್, ಅಲ್ಲ ಮೇಡಂ. ನಾ ಕೊಟ್ಟ ಬೀರನ್ನ ಹೆಣ ಕಟ್ದಂಗೆ ಕಟ್ಟವ್ನೆ. ಸೀಮಂತಕ್ಕೆ ಕರೆಯೋಕೆ ಬರೋ ನೆಂಟ್ರು ನೋಡಿ ನಗಲಿ ಅಂತ. ನೋಡಕಾಗದೆ ನಾನೇ ಬಿಚ್ಚಾಕ್ದೆ" ಎಂದನು. ಆಮೇಲೆ ನನ್ನನ್ನು ನೋಡಿದನು. ಚಿಕ್ಕವನಿದ್ದಾಗ ಆ ಕೆಂಪು ಚೂರು ಗುರುತು ಹಿಡಿದು ನಮ್ಮ ಹೊರೆಗಳನ್ನು ಆರಿಸುತ್ತಿದ್ದವನು ಅವನೇ. ಬೀರು ಬೀಳದ ಹಾಗೆ ಹಿಡಿದಿದ್ದದ್ದು ಅದೇ ಹಗ್ಗ ಕಣಪ್ಪಾ ಎಂದೆನು. ಅವನು ಕೈಯಲ್ಲಿದ್ದ ಟೀ ಲೋಟವನ್ನು ಮೇಜಿನ ಮೇಲೆ ಇಟ್ಟನು. ತಾನೇ ಹೊರಗೆ ಹೋಗಿ ಹಗ್ಗ ಬಿಚ್ಚಿ ತಂದು ಇಟ್ಟು, ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತನು. "ಹರಿ ಏನಾದ್ರೂ ತಿಂದವ್ನಾ ಅತ್ತೆ?" ಎಂದು ಕೇಳಿದನು. ನಿನ್ನೆ ಬೆಳಿಗ್ಗೆಯಿಂದ ತಿಂದಿಲ್ಲ ಎಂದೆನು.

ಹರಿಕೃಷ್ಣನನ್ನು ಬಿಟ್ಟು ಅದೇ ಜಾಗದಲ್ಲಿ ಮುರಳಿಮೋಹನನನ್ನು ಕೂರಿಸಬಾರದೆಂದು ಕೋರುತ್ತೇನೆ. ಅವನು ಬಿಚ್ಚಿದ್ದು ರೋಷಕ್ಕೆ, ತಂಗಿಗೆ ಕೇಡು ಬಯಸಿ ಅಲ್ಲ. ಕೊರೆಯುವುದನ್ನು ನಿಲ್ಲಿಸು ಎಂದವರಲ್ಲಿ ನಾನೂ ಒಬ್ಬಳು. ತನಿಖೆ ಮುಗಿದ ಮೇಲೆ ಹಾಕದೆ ಉಳಿದ ಆ ನಾಲ್ಕು ಹೊಸ ಸ್ಕ್ರೂ ಮತ್ತು ಎರಡು ಪಟ್ಟಿಗಳನ್ನು ವಾಪಸು ಕೊಡಿಸಬೇಕು. ಪದ್ಮಶ್ರೀ ಆಸ್ಪತ್ರೆಯಿಂದ ಬರುವುದರೊಳಗೆ ಮನೆಯಲ್ಲಿ ಗೋಡೆ ಕೊರೆಯುವ ಕೆಲಸವಿದೆ. ಈ ಸಲ ಬೀರುವನ್ನು ಒತ್ತಿ ಹಿಡಿಯಲು, ಅದನ್ನು ಕೊಟ್ಟವನೇ ಆಳಾಗಿ ಸಿಕ್ಕಿದ್ದಾನೆ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ ಮೇಲೆ ನಾನೂ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ಓದಿದ್ದೇನೆ. ಕಂಡದ್ದು, ಕೇಳಿದ್ದು ಬಿಟ್ಟು ಬೇರೇನೂ ಇದರಲ್ಲಿ ಸೇರಿಲ್ಲ. ಎಲ್ಲವೂ ಸತ್ಯ.

ಸ್ಥಳ: ಗೌರಿಬಿದನೂರು
ದಿನಾಂಕ: 15-06-2024
ಸಹಿ: ಆಂಜಿನಮ್ಮ