ಝಿಪ್ಪು, ಭಾಗ ಎರಡು

...ಚೆನ್ನಾಗಿತ್ತು ಅಂತ ಮಾತ್ರ ಹೇಳಬೇಡಿ ಬೀಗಿತ್ತಿ. ಬೇರೆ ಏನು ಬೇಕಾದ್ರೂ ಹೇಳಿ. ಕುರ್ಚಿ ಮೆತ್ತಗಿತ್ತು ಅನ್ನಿ, ಒಳಗೆ ತಂಪಾಗಿತ್ತು ಅನ್ನಿ, ಒಪ್ಕೋತೀನಿ. ಆ ಸಿನಿಮಾ ಚೆನ್ನಾಗಿತ್ತು ಅಂದ್ರೆ ಮಾತ್ರ... ಕೂತ್ಕೊಳ್ಳಿ, ಈ ಕಡೆ ಕೂತ್ಕೊಳ್ಳಿ. ಇಲ್ಲಿಂದ ಐಜೆರೆ ಕಾಣ್ತಾಳೆ. ನೋಡಿ, ಗಾಜಿನಾಚೆ, ಆ ಚೆಂಡುಗಳ ಗುಂಡಿಯೊಳಗೆ. ಹಳದಿ ಅಂಗಿ. ಆಡ್ಲಿ ಬಿಡಿ, ನಮ್ಮ ಮಾತು ಅಲ್ಲಿಗೆ ಕೇಳ್ಸಲ್ಲ.

ಟೀ ಹೇಳಿದೀನಿ. ಬಂತು ನೋಡಿ. ಕಂಠಪೂರ್ತಿ ತುಂಬಿಸಿದಾನೆ ಪುಣ್ಯಾತ್ಮ, ಕಾಗದದ ಲೋಟದಲ್ಲಿ. ನಮ್ಮ ಕಜಾಕ್ ಮನೆಗಳಲ್ಲಿ, ಈ ತರಾಜ್ ಊರಲ್ಲಿ, ಬೀಗರಿಗೆ ಯಾರಾದ್ರೂ ಹೀಗೆ ತುಂಬಿಸಿ ಕೊಡ್ತಾರಾ? ಅರ್ಧ ಬಟ್ಟಲು ಕೊಟ್ಟು, ಮುಗೀತಿದ್ದ ಹಾಗೆ ಮತ್ತೆ ಅರ್ಧ ಕೊಟ್ಟು, ಮಾತಾಡಿಸಿ ಕೂರಿಸ್ಕೋಬೇಕು. ತುಂಬಿಸಿ ಕೊಟ್ರೆ ಕುಡಿದು ಎದ್ದು ಹೋಗಿ ಅಂತ ಅರ್ಥ. ಈ ಮಾಲ್‌ನವರಿಗೆ ಅದೆಲ್ಲ ಎಲ್ಲಿ ಗೊತ್ತು. ಆ ಮಾಂಸದ ಸಮ್ಸಾ ಮುಟ್ಟಬೇಡಿ, ನಿನ್ನೆದಿರಬೇಕು. ಮುಟ್ಟಿದ್ರಾ? ಹೋಗ್ಲಿ, ತಿನ್ನಿ.

ಏನು ಹೇಳ್ತಿದ್ದೆ... ಹ್ಞಾ, ಸಿನಿಮಾ. ಮೊದಲನೇ ಭಾಗ ನೀವು ನೋಡಿಲ್ಲ ಅಲ್ವಾ? ಅದಕ್ಕೇ ಇದು ನಿಮಗೆ ಸಿನಿಮಾ ಥರ ಕಂಡಿದೆ. ಮೊದಲನೇದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಆ ಝಿಪ್ಪು ಆಕಾಶದಿಂದ ದೊಪ್ಪಂತ ಬೀಳ್ತಾನೆ, ಇಲಿಯೋ ಮೊಲವೋ ಗೊತ್ತಾಗಲ್ಲ, ಅಷ್ಟುದ್ದ ಕಿವಿ. ಆಮೆ ಅಜ್ಜಿ ರೊಟ್ಟಿ ಅಂಗಡಿ ನಡೆಸ್ತಿರ್ತಾಳೆ. ಹಿಟ್ಟಿನ ಡಬ್ಬದಲ್ಲಿ ಮಲಗಿಸಿ ಸಾಕ್ತಾಳೆ. ಅವನು ಬೆಂಕಿ ಗುಂಡಿ ಹಾರ್ತಾನೆ, ನಕ್ಷತ್ರ ಹೆಕ್ತಾನೆ, ಕೊನೆಗೆ ಮನೆಗೆ ಬಂದು ರೊಟ್ಟಿ ತಿಂತಾನೆ. ಮುಗೀತು. ಮಕ್ಕಳ ಕಥೆ ಅಂದ್ರೆ ಅಷ್ಟೇ ಇರಬೇಕು. ಹೋದವನು ಮನೆಗೆ ಬರಬೇಕು.

ಈಗ ಇವರಿಗೆ ಎರಡನೇದು ಯಾಕೆ ಬೇಕಿತ್ತು? ಐಜೆರೆ ಟ್ಯಾಬ್ಲೆಟ್‌ನಲ್ಲಿ ಆಡ್ತಾಳಲ್ಲ, ಆ ಝಿಪ್ಪು ಆಟ ಮಾಡಿದವರೂ ಅವರೇ, ಸಿನಿಮಾ ಮಾಡೋರೂ ಅವರೇ, ಬಾಗಿಲಲ್ಲಿ ಗೊಂಬೆ ಮಾರೋರೂ ಅವರೇ. ಆಟದಲ್ಲಿರೋದನ್ನಾದ್ರೂ ನೆಟ್ಟಗೆ ತೋರಿಸ್ತಾರಾ? ಅದೂ ಇಲ್ಲ. ಆಟದಲ್ಲಿ ಆಮೆ ಬೆನ್ನು ಹತ್ತದೇ ಝಿಪ್ಪು ಒಂದು ಹೊಳೆ ದಾಟಲ್ಲ, ಗೊತ್ತಾ ನಿಮಗೆ? ಮಂಜಿನ ಬಾಗಿಲ ಹತ್ರ ಹೋದಾಗ ಆಮೆ ಬೆನ್ನನ್ನ ಎರಡು ಸಲ ತಟ್ಟಬೇಕು. ಆಗ ಅದು ತಲೆ ಒಳಗೆಳ್ಕೊಂಡು ಉರುಳುತ್ತೆ, ಬಾಗಿಲು ಒಡೆಯುತ್ತೆ. ಸಿನಿಮಾದಲ್ಲಿ ಏನು ಮಾಡಿದ್ರು? ಅವನಿಗೆ ರೆಕ್ಕೆ ಕೊಟ್ಟುಬಿಟ್ರು. ಹಾರ್ಕೊಂಡು ಹೋದ. ಆಮೆ ಕೆಳಗೆ ನಿಂತು ಕೈ ಬೀಸ್ತು. ಇದೇನು ನ್ಯಾಯ?

ಯಾಕೆ ನಗ್ತೀರಿ? ಹೌದು, ಆಡಿದೀನಿ. ಮಧ್ಯಾಹ್ನ ಅವಳು ಮಲಗಿದಾಗ ಆಡ್ತೀನಿ. ಮಂಜಿನ ಬಾಗಿಲು ಒಡೆದುಕೊಟ್ಟವಳೇ ನಾನು, ಅವಳ ಕೈಲಿ ಆಗ್ತಿರ್ಲಿಲ್ಲ, ಅಳ್ತಾ ಕೂತಿದ್ಲು. ನಗಿ, ನಗಿ. ಅಸ್ತಾನಾಗೆ ಹೋಗಿ ನಿಮ್ಮ ಮಗಳಿಗೂ ಹೇಳಿ, ನಿನ್ನತ್ತೆ ಟ್ಯಾಬ್ಲೆಟ್ ಹಿಡ್ಕೊಂಡು ಕೂರ್ತಾಳೆ ಅಂತ.

ನಮ್ಮ ಯಜಮಾನರು ತೀರಿಕೊಂಡಾಗ ಈ ಆಟವೇ ನನ್ನನ್ನ ಕಷ್ಟಕ್ಕೆ ಸಿಗಿಸಿದ್ದು. ಐಜೆರೆ ಐದು ವರ್ಷದವಳು ಆಗ. ಜನ ತುಂಬಿದಾರೆ, ನಾನು ಗೋಡೆಗೆ ಮುಖ ಮಾಡ್ಕೊಂಡು ಕೂತಿದೀನಿ. ಇವಳು ಬಂದು ಸೆರಗು ಎಳೀತಾಳೆ. 'ಅಮ್ಮ, ತಾತಂಗೆ ಎಷ್ಟು ಜೀವ ಇತ್ತು?' ಅಂತಾಳೆ. ಝಿಪ್ಪುಗೆ ಮೂರು ಜೀವ ನೋಡಿ. ಒಂದೇ ಕಣೇ ಅಂದೆ. 'ಒಂದೇನಾ? ಹಾಗಾದ್ರೆ ನೀನು ಹುಷಾರಾಗಿರು' ಅಂದ್ಲು. ಅವತ್ತಿಂದ ರಸ್ತೆ ದಾಟುವಾಗ ನನ್ನ ಕೈ ಹಿಡ್ಕೊಳ್ಳೋದು ಅವಳು, ನಾನಲ್ಲ.

ಅದಿರ್ಲಿ. ಆ ದನಿ ಕೇಳಿದ್ರಾ ನೀವು? ಝಿಪ್ಪು ಮಾತಾಡೋ ದನಿ? ನಮ್ಮ ಕಜಾಕ್ ಭಾಷೆಗೆ ತಂದಿದೀವಿ ಅಂತ ಗೋಡೆ ತುಂಬ ಬರ್ಕೊಂಡಿದಾರೆ. ತಂದಿದ್ದು ಏನನ್ನ? ಮದುವೆ ಮನೆಯಲ್ಲಿ ಮೈಕ್ ಹಿಡಿದು ಬೀಗರನ್ನ ಕುಣಿಸ್ತಾನಲ್ಲ, ಅಂಥವನನ್ನ ಕರೆತಂದು ಮಾತಾಡಿಸಿದಾರೆ. ಮಾತಿಗೊಂದು ಕಿಸಿಕಿಸಿ. ಮತ್ತೆ ಆ ಹೂಸು ಬಿಡೋ ಕಪ್ಪೆ. ಒಂದು ಸಲ ಬಿಟ್ರೆ ಮಕ್ಕಳು ನಗ್ತಾರೆ, ಸರಿ. ಇಡೀ ಸಿನಿಮಾ ಅದೇ ಕೆಲಸನಾ? ಪಕ್ಕದಲ್ಲಿ ಕೂತಿದ್ದ ಗಂಡಸು, ಗಡ್ಡ ಬಿಟ್ಟವನು, ಬಿದ್ದು ಬಿದ್ದು ನಕ್ಕ. ಅವನ ಮಗಳು ನಗ್ತಾನೇ ಇಲ್ಲ, ಅಪ್ಪನ್ನ ನೋಡ್ತಾ ಕೂತಿದೆ.

ಆ ರಾಣಿ ಇನ್ನೊಬ್ಬಳು. ಆಕಾಶದ ಹಡಗಲ್ಲಿ ಇಳಿದು ಬರ್ತಾಳಲ್ಲ, ಮೈಯೆಲ್ಲ ಮಿಣಮಿಣ, ಕಾಲು ನೆಲಕ್ಕೆ ತಾಗಲ್ಲ. 'ನಾನೇ ನಿನ್ನ ಹೆತ್ತ ತಾಯಿ.' ಸರಿ ತಾಯಿ, ಇಷ್ಟು ದಿನ ಎಲ್ಲಿದ್ದೆ? ಅವನು ಹಿಟ್ಟಿನ ಡಬ್ಬದಲ್ಲಿ ಕೆಮ್ಮುತಾ ಮಲಗಿದ್ದಾಗ ಎಲ್ಲಿದ್ದೆ? ಆಕಾಶದಲ್ಲಿ ಕೆಲಸ ಇತ್ತಂತೆ. ಯುದ್ಧವಂತೆ. ಬಂದವಳು ಹಿಟ್ಟಿನ ಡಬ್ಬ ಎಲ್ಲಿದೆ ಅಂತ ಕೂಡ ಕೇಳ್ಲಿಲ್ಲ. ಕೈ ಚಾಚಿದ್ಲು, ಸಂಗೀತ ಶುರುವಾಯ್ತು. ಜನ ಚಪ್ಪಾಳೆ ಬೇರೆ ತಟ್ಟಿದ್ರು. ನಾಚಿಕೆ ಬೇಡವಾ?

ನಾನು ಗೌಹಾರ್ ಬಗ್ಗೆ ಹೇಳ್ತಿಲ್ಲ. ಮುಖ ಯಾಕೆ ಹಾಗೆ ಮಾಡ್ಕೋತೀರಿ, ನಾನು ಸಿನಿಮಾ ಬಗ್ಗೆ ಹೇಳ್ತಿರೋದು. ನಿಮ್ಮ ಮಗಳು ಒಳ್ಳೆಯವಳು. ಹತ್ತು ಜನರೆದುರು ಹೇಳ್ತೀನಿ ಅದನ್ನ. ನಮ್ಮ ಮನೆಗೆ ಬಂದ ಮೇಲೆ ಒಂದು ದಿನ ನನಗಿಂತ ತಡವಾಗಿ ಎದ್ದವಳಲ್ಲ. ಮೊದಲನೇ ಮಗು ಅಜ್ಜ ಅಜ್ಜಿಯದು ಅನ್ನೋದು ನಾನು ಹುಟ್ಟಿಸಿದ ಪದ್ಧತಿನಾ? ನನ್ನ ಮಕ್ಸಾತ್, ನಿಮ್ಮ ಅಳಿಯ, ಅವನ ಅಣ್ಣನನ್ನ ನಮ್ಮತ್ತೆ ತಗೊಂಡ್ರು. ನಾನೂ ಕೊಟ್ಟೆ. ಆಚೆ ಕೋಣೆಯಲ್ಲಿ ಮಗು ಅತ್ರೂ ಎದ್ದು ಹೋಗೋ ಹಾಗಿರ್ಲಿಲ್ಲ. ಗೌಹಾರ್ ಐಜೆರೆನ ಕೊಟ್ಟಾಗ ನಾನು ಕಿತ್ಕೊಂಡೆನಾ? ಅವಳೇ ತಂದು ನನ್ನ ಮಡಿಲಲ್ಲಿ ಹಾಕಿದ್ಲು, ನಲವತ್ತು ದಿನದ ಸ್ನಾನ ಆದ ಮೇಲೆ. ನೀವೂ ಇದ್ರಿ ಅವತ್ತು. ಶುಭವಾಗ್ಲಿ ಅಂತ ನೀವೇ ಮಿಠಾಯಿ ಎರಚಿದ್ದು.

ಹೌದು, ನನ್ನನ್ನ ಅಮ್ಮ ಅಂತಾಳೆ, ಹೆತ್ತವಳನ್ನ ಅಕ್ಕ ಅಂತಾಳೆ. ನಮ್ಮಲ್ಲಿ ಹಾಗೇ ತಾನೇ. ಕಾಲ ಬದಲಾಗಿದೆ ಅಂತೀರಿ. ಬದಲಾಗ್ಲಿ. ಅಸ್ತಾನಾದಲ್ಲಿ ಒಳ್ಳೆ ಶಾಲೆ ಇದೆ, ಮೂರು ಭಾಷೆ ಕಲಿಸ್ತಾರೆ, ಕಲಿಸ್ಲಿ. ಎರಡನೇ ಮಗು ಹುಟ್ಟಿದ ಮೇಲೆ ಗೌಹಾರ್‌ಗೆ ಮೊದಲನೇದು ನೆನಪಾಗಿ ನಿದ್ದೆ ಬರಲ್ಲ ಅಂತೀರಿ... ಅದು ನನಗೆ ಅರ್ಥವಾಗಲ್ಲ ಅಂದ್ಕೊಂಡಿದೀರಾ? ಆಗತ್ತೆ. ಆದ್ರೆ ನಿನ್ನೆ ಊಟದ ಹೊತ್ತಲ್ಲಿ ಮಗು ಎದುರಿಗೇ ಹೇಳಿಬಿಟ್ರಲ್ಲ ನೀವು. 'ಐಜೆರೆ, ಈ ಸಲ ನನ್ನ ಜೊತೆ ರೈಲಲ್ಲಿ ಬರ್ತೀಯಂತೆ, ಅಲ್ಲೇ ಶಾಲೆಗೆ ಹೋಗ್ತೀಯಂತೆ.' ನನ್ನನ್ನ ಒಳಗೆ ಕರೆದು ಮೊದಲು ಒಂದು ಮಾತು ಕೇಳೋದಲ್ವಾ? ನಿಮಗೆ ಅಂತ ಕುರಿ ಕೊಯ್ಸಿದ್ದೆ. ಹೆಗಲಿಗೆ ಶಾಲು ಹೊದಿಸಿದ್ದೆ. ಆ ಶಾಲು ಹೊದ್ಕೊಂಡೇ ಹೇಳಿದ್ರಿ.

ಅವಳನ್ನ ನೋಡಿದ್ರಾ ನೀವು? ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನ್ನ ಮುಖ ನೋಡಿದ್ಲು. ನಾನು ಮಾಂಸ ಬಡಿಸ್ತಾ 'ನೋಡೋಣ, ಮೊದಲು ತಿನ್ನು' ಅಂದೆ. ಅಷ್ಟೇ ಅಂದಿದ್ದು. ಬೆಳಿಗ್ಗೆಯಿಂದ ಅವಳು ಅದೇ ಮುಖ ಇಟ್ಕೊಂಡು ನನ್ನ ಹಿಂದೆ ಹಿಂದೆ ತಿರುಗ್ತಿದ್ಲು. ಏನೇ ಅಂದ್ರೆ ಏನಿಲ್ಲ ಅಂತಾಳೆ.

ಇದನ್ನ ಕೇಳಬೇಕು ಅಂತಿದ್ದೆ. ಈ ಸಿನಿಮಾಗೆ ಹೋಗೋಣ ಅಂದವರು ಯಾರು? ನೀವು. ಕುದುರೆ ಸಿನಿಮಾ ಇತ್ತು, ಆ ಇನ್ನೊಂದು ನಾಯಿ ಸಿನಿಮಾ ಇತ್ತು. ಗೌಹಾರ್ ಅಲ್ಲಿ ಮೊದಲೇ ನೋಡಿದಾಳೆ, ಚೆನ್ನಾಗಿದೆಯಂತೆ ಅಂದ್ರಿ. ಕಥೆ ಗೊತ್ತಿದ್ದೇ ಕರ್ಕೊಂಡು ಬಂದ್ರಾ? ಹೆತ್ತ ತಾಯಿ ಬಂದು ಕರ್ಕೊಂಡು ಹೋಗ್ತಾಳೆ, ಮುದಿ ಆಮೆ ಕೈ ಬೀಸುತ್ತೆ, ಮುದುಕಿ ನೋಡಿ ಬುದ್ಧಿ ಕಲೀಲಿ ಅಂತಾನಾ? ಇಲ್ಲ ಅಂತೀರಾ. ಆಣೆ ಮಾಡಬೇಡಿ, ನಂಬಿದೆ ಬಿಡಿ. ನೀವು ಅಷ್ಟು ದೂರ ಯೋಚನೆ ಮಾಡೋರಲ್ಲ.

ಏನು? ಎದ್ದು ಹೋಗಿದ್ದಾ? ಅದು ಮಂಡಿ ನೋವು. ಆ ರಾಣಿ ಕೈ ಚಾಚಿದಾಗ ಸರಿಯಾಗಿ ಹಿಡ್ಕೊಂಡ್ತು. ಕಾಲು ಚಾಚಕ್ಕೆ ಜಾಗ ಎಲ್ಲಿದೆ ಅಲ್ಲಿ. ಕೈಕಾಲು ತೊಳ್ಕೊಂಡು ವಾಪಸ್ ಬಂದೆ. ಕತ್ತಲಲ್ಲಿ ಎಲ್ಲರ ಕಾಲು ತುಳ್ಕೊಂಡು ನಿಮ್ಮ ಪಕ್ಕಕ್ಕೆ ಬರೋದೇಕೆ ಅಂತ ಹಿಂದೇನೇ ಕೂತೆ. ಬಾಗಿಲ ಹತ್ರ. ಪೂರ್ತಿ ನೋಡಿದೆ, ನೋಡ್ದೆ ಬೈತೀನಾ?

ಇವತ್ತು ಸಂಜೆ ಮಕ್ಸಾತ್‌ಗೆ ಫೋನ್ ಮಾಡ್ತೀನಿ. ಬೀಗಿತ್ತಿ ಹೇಳಿದ್ದೆಲ್ಲ ಕೇಳಿದೆ ಕಣಪ್ಪ, ಆಗಲ್ಲ ಅಂತೀನಿ. ಮಗುವೇ ಬರಲ್ಲ ಅನ್ನುತ್ತೆ ಅಂತೀನಿ. ನಿಮ್ಮೆದುರಿಗೇ ಹೇಳ್ತೀನಿ, ಬೆನ್ನ ಹಿಂದೆ ಮಾಡೋಳಲ್ಲ ನಾನು. ನೀವು ಕೋಪ ಮಾಡ್ಕೊಳ್ಳಿ, ಗೌಹಾರ್ ಅಳ್ಲಿ. ಈ ಸಿನಿಮಾ ನೋಡಿದ ಮೇಲಂತೂ ನನ್ನ ಮನಸ್ಸು ಗಟ್ಟಿಯಾಯ್ತು. ಆ ಕೊನೆ ಇದೆಯಲ್ಲ... ಎಂಥಾ ಕಲ್ಲು ಮನಸ್ಸಿನವರು ಬರೆದಿರಬೇಕು ಅದನ್ನ. ರಾಣಿ ಕರೆದ್ಲು, ಝಿಪ್ಪು ಹಡಗು ಹತ್ತಿದ, ಹೊರಟೇಬಿಟ್ಟ. ತಿರುಗಿ ಒಂದು ಸಲ ನೋಡ್ಲಿಲ್ಲ. ಆಮೆ ರೊಟ್ಟಿ ಅಂಗಡಿ ಬಾಗಿಲಲ್ಲಿ ಒಬ್ಬಳೇ ನಿಂತಿದ್ಲು. ಇದನ್ನ ಮಕ್ಕಳಿಗೆ ತೋರಿಸ್ತಾರೆ. ಸಾಕಿದವಳನ್ನ ಹೀಗೆ ಬಿಟ್ಟು ಹೋಗ್ಬೇಕು ಅಂತ ಕಲಿಸ್ತಾರೆ. ಅಲ್ವಾ? ನೀವೇ ಹೇಳಿ.

ಹೇಳಿ ಬೀಗಿತ್ತಿ.

ಯಾಕೆ ಲೋಟ ಕೆಳಗಿಟ್ರಿ? ಇಷ್ಟು ಹೊತ್ತು ನಗ್ತಾನಾದ್ರೂ ಇದ್ರಿ.

ತಿರುಗಿ ನೋಡಿದ್ನಾ? ...ನಾನು ಕನ್ನಡಕ ಒರೆಸ್ಕೊಳ್ತಿದ್ದೆ ಅನ್ಸುತ್ತೆ ಆಗ. ಹಿಂದಿನ ಸಾಲಿಂದ ಅಷ್ಟು ಸರಿಯಾಗಿ ಕಾಣಲ್ಲ... ಹಾಗೆ ನೋಡಬೇಡಿ ನನ್ನನ್ನ.

ಸರಿ. ನಾನು ಒಳಗೆ ಬರ್ಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಸಿನಿಮಾ ಬಿಡೋವರೆಗೂ. ನೆಲ ಒರೆಸೋ ಹೆಂಗಸು ಬಂದು ನೀರು ಕೊಡ್ಲಾ ಅಜ್ಜಿ ಅಂದ್ಲು. ಬೇಡ ಅಂದೆ. ಮಂಡಿ ನೋವಲ್ಲ, ಏನಿಲ್ಲ. ಆ ರಾಣಿ ಕೈ ಚಾಚಿದಾಗ ಪಕ್ಕದಲ್ಲಿ ಐಜೆರೆ ಉಸಿರು ಬಿಗಿ ಹಿಡ್ಕೊಂಡ್ಲು. ನನಗೆ ಕೇಳಿಸ್ತು ಅದು. ಅವನು ಏನು ಮಾಡ್ತಾನೋ ಅಂತ ಅವಳು ಕಾಯ್ತಿದ್ಲು. ಅದನ್ನ ಅವಳ ಪಕ್ಕ ಕೂತು ನೋಡೋದು ನನ್ನ ಕೈಲಿ ಆಗ್ಲಿಲ್ಲ.

ಹಾಗಾದ್ರೆ ಅವನು ಹೊರಟು ಹೋಗ್ಲಿಲ್ವಾ?

ಇರಿ. ಇರಿ, ಮಾತಾಡಬೇಡಿ. ಹೊರಗೆ ಬಂದಾಗ ಐಜೆರೆ ಓಡಿ ಬಂದು ನನ್ನ ಕೈ ಹಿಡ್ಕೊಂಡ್ಲು. ನೀವು ಕೋಟು ತಗೊಳ್ತಿದ್ರಿ, ಕೇಳಿಸ್ಕೊಂಡಿರಲ್ಲ. 'ಅಮ್ಮ, ಆಮೆ ಅಜ್ಜಿ ಮಾಡಿದ್ದು ಸರಿನಾ?' ಅಂದ್ಲು. ನಾನು ನೋಡಿರ್ಲಿಲ್ಲವಲ್ಲ. ನೋಡಿಲ್ಲ ಅಂತ ಹೇಳಕ್ಕೆ ಬಾಯಿ ಬರ್ಲಿಲ್ಲ. ಆಮೆ ಒಳ್ಳೆಯವಳು, ಏನೋ ಒಳ್ಳೇದೇ ಮಾಡಿರ್ತಾಳೆ ಅಂತ, 'ಸರಿ ಕಣೇ, ಸರಿ' ಅಂದೆ. ಅವಳು ನಿಂತಲ್ಲೇ ನಿಂತು ಮತ್ತೆ ಕೇಳಿದ್ಲು. 'ನಿಜವಾಗ್ಲೂನಾ? ನೀನೂ ಹಾಗೇ ಮಾಡ್ತಿದ್ಯಾ?' ಹ್ಞೂಂ ಅಂದೆ. ಹ್ಞೂಂ ಅಂದುಬಿಟ್ಟೆ.

ಏನು ಮಾಡಿದ್ಲು ಆಮೆ?

ಹೋಗಬೇಡ ಅಂತ ತಡೆದ್ಲಾ? ...ತಲೆ ಅಲ್ಲಾಡಿಸ್ತೀರಿ. ಬಚ್ಚಿಟ್ಕೊಂಡ್ಲಾ? ಅದೂ ಅಲ್ವಾ. ಅವನು ಹೋಗಲ್ಲ ಅಂದ್ನಾ ಹಾಗಾದ್ರೆ? ಹೋಗಲ್ಲ ಅಂತ ಹಠ ಹಿಡಿದ... ಇವಳು... ತಾನೇ...

ಕಣ್ಣು ಕೆಳಗೆ ಹಾಕಿಬಿಟ್ರಿ.

ತಾನೇ ಕಳಿಸಿಕೊಟ್ಲು. ಅದಕ್ಕೇ. ಅದಕ್ಕೇ ಮಗು ನನ್ನ ಕೈ ಬಿಟ್ಟು ಹೋಗಿ ನಿಮ್ಮ ಕೈ ಹಿಡ್ಕೊಂಡಿದ್ದು. ಮೆಟ್ಟಿಲು ಇಳಿಯೋವಾಗ ನೋಡಿದೆ, ನಿಮ್ಮ ಕೈಯಲ್ಲಿ ಐಸ್‌ಕ್ರೀಮ್ ಇರ್ಬೇಕು ಅಂದ್ಕೊಂಡೆ. ಈಗ ನೋಡಿ ಹೇಗೆ ಕುಣೀತಿದಾಳೆ. ಬೆಳಿಗ್ಗೆಯಿಂದ ಇದ್ದ ಮುಖವೇ ಇಲ್ಲ. ನಾನು ಸಿನಿಮಾ ನೋಡಿ ಖುಷಿಯಾಗಿದಾಳೆ ಅಂದ್ಕೊಂಡಿದ್ದೆ.

ಇಲ್ಲ, ಬೇಡ. ಅದನ್ನ ನೀವು ಹೋಗಿ ಸರಿಮಾಡೋದು ಬೇಡ. ಅಮ್ಮ ಸಿನಿಮಾನೇ ನೋಡಿರ್ಲಿಲ್ಲ, ಅವಳ ಮಾತು ಲೆಕ್ಕಕ್ಕಿಲ್ಲ ಅಂತ ಏಳು ವರ್ಷದ ಮಗುಗೆ ಹೇಳ್ತೀರಾ? ನಾಳೆಯಿಂದ ನಾನು ಹೂಂ ಅಂದಿದ್ದು ಯಾವುದನ್ನ ನಂಬ್ತಾಳೆ ಅವಳು? ಅಂದಿದೀನಿ. ಆಯ್ತು.

ನನ್ನ ಭುಜ ಬಿಡಿ ಬೀಗಿತ್ತಿ, ಜನ ನೋಡ್ತಾರೆ. ನಾನು ಅಳ್ತಿಲ್ಲ. ಕೆಟ್ಟ ಸಿನಿಮಾ ಅದು, ಈಗ್ಲೂ ಹೇಳ್ತೀನಿ. ಕಪ್ಪೆ, ರೆಕ್ಕೆ, ಎಲ್ಲಾ ಸೇರಿಸಿ ದರಿದ್ರ ಸಿನಿಮಾ. ಅಸ್ತಾನಾದಲ್ಲಿ ಚಳಿ ಜಾಸ್ತಿ, ಇವಳಿಗೆ ಬೇಗ ಕಿವಿ ನೋವು ಬರುತ್ತೆ. ಗೌಹಾರ್‌ಗೆ ಹೇಳಿ, ಟೋಪಿ ಹಾಕಿದ್ರೆ ಕಿತ್ತೆಸೀತಾಳೆ, ಟೋಪಿ ಮೇಲೆ ಶಾಲು ಕಟ್ಟಬೇಕು. ಗಂಟು ಹಿಂದೆ ಬರಬೇಕು, ಮುಂದೆ ಬಂದ್ರೆ ಬಿಚ್ಕೋತಾಳೆ. ನಾನೂ ಹೇಳ್ತೀನಿ ಫೋನಲ್ಲಿ, ಇವತ್ತು ಸಂಜೆ.

ಹೊತ್ತಾಯ್ತು, ಕರೀರಿ ಅವಳನ್ನ. ಇಲ್ಲ, ನೀವು ಕರೀರಿ. ನಾನು ಕರೆದ್ರೆ ನನ್ನ ಹತ್ರಾನೇ ಓಡಿ ಬಂದುಬಿಡ್ತಾಳೆ.